ಮಂದಾಕಿನಿಯನ್ನು ನೋಡಲು ಹೋದದ್ದು

ನನ್ನ ಹೆಂಡತಿಯನ್ನು ತೊಟ್ಟಿಲಿಗೆ ಹಾಕಿದ ದಿನ ಬೀದಿಗೆ ಶಾಮಿಯಾನ ಹಾಕಿದವನು ನಾನೇ. ಇನ್ಯಾರು ಹಾಕಬೇಕು ಹೇಳಿ? ನಮ್ಮೂರಲ್ಲಿ ಮೈಕ್‌ಸೆಟ್ಟು, ಶಾಮಿಯಾನ, ಚೇರು, ಸೀರಿಯಲ್ ಲೈಟು ಬಾಡಿಗೆಗೆ ಬೇಕು ಅಂದರೆ ಪಾಲಾಕ್ಷನ ಅಂಗಡಿಗೇ ಬರಬೇಕು, ಆ ಪಾಲಾಕ್ಷ ನಾನೇ. ದೊಡ್ಡ ತೊಟ್ಟಿಲೂ ನನ್ನದೇ. ಬೀಟೆ ಮರದ್ದು, ಹಿತ್ತಾಳೆ ಸರಪಳಿ, ಎತ್ತರದ ಆಳು ಕೂಡ ಕಾಲು ಚಾಚಿ ಮಲಗಬಹುದು. ರೈಸ್‌ಮಿಲ್ಲಿನ ಚನ್ನವೀರಪ್ಪನವರು ಹೃದಯದ ಕಾಯಿಲೆಯಿಂದ ಎದ್ದು ಬಂದಾಗ ಅವರ ಮೈಭಾರಕ್ಕೆ ಸರಪಳಿ ಕಿತ್ತುಕೊಂಡು, ಹುಟ್ಟಿದ ದಿನವೇ ಕೂಸು ನೆಲಕ್ಕೆ ಬಿತ್ತು ಅಂತ ಊರೆಲ್ಲ ನಕ್ಕಿದ್ದು ಇದೇ ತೊಟ್ಟಿಲ ಮುಂದೆ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನನ್ನ ಮನೆಗೂ ಆ ತೊಟ್ಟಿಲು ಬರುತ್ತದೆ ಅಂತ ಯಾರು ಕಂಡಿದ್ದರು!

ನಮ್ಮೂರಿನ ಪದ್ಧತಿ ಅದು. ದೊಡ್ಡ ಕಾಯಿಲೆಯಿಂದ ಎದ್ದವರು, ಡಾಕ್ಟರು 'ಕಾಯಿಲೆ ಇನ್ನು ಕಾಣ್ತಿಲ್ಲ' ಅಂದ ದಿನ ಹುಟ್ಟಿದ ಹಾಗೆ ಲೆಕ್ಕ. ಅವರಿಗೆ ತೊಟ್ಟಿಲಾಗಬೇಕು, ಹೊಸ ಹೆಸರಾಗಬೇಕು, ಅದೇ ಬೀದಿಯಲ್ಲಿ ಒಬ್ಬ ಹೊಸ ತಾಯಿ ಸಿಗಬೇಕು. ಹಳೆಯ ಹೆಸರಿನಲ್ಲಿ ನಡೆದದ್ದೆಲ್ಲ, ಜಗಳ, ಹರಕೆ, ಮುನಿಸು, ಕೊನೆಗೆ ಮದುವೆ ಕೂಡ, ಅಲ್ಲಿಗೇ ಬರಖಾಸ್ತು. ಗಂಡನಾದವನಿಗೆ ಆ ಹೆಂಗಸೇ ಮತ್ತೆ ಬೇಕು ಅಂತಿದ್ದರೆ ಹೆಣ್ಣು ನೋಡುವ ಶಾಸ್ತ್ರದಿಂದ ಶುರುಮಾಡಬೇಕು. ಹೆಣ್ಣು ಒಲ್ಲೆ ಅಂದರೆ ಒಲ್ಲೆ, ಯಾರೂ ಕೇಳುವಂತಿಲ್ಲ. ಅಕಸ್ಮಾತ್ ಕಾಯಿಲೆ ತಿರುಗಿ ಬಂತೋ, ತೊಟ್ಟಿಲು ರದ್ದು, ಹೊಸ ಹೆಸರು ರದ್ದು. ಹಳೆಯ ಹೆಸರು ಹಳೆಯ ಗಂಡ ಎರಡೂ ವಾಪಸು. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಚನ್ನವೀರಪ್ಪನವರು ತೊಟ್ಟಿಲಿಂದ ಎದ್ದ ಮೇಲೆ ಅವರ ಹೆಂಡತಿ ಆ ಕಡೆ ತಿರುಗಿಯೂ ನೋಡಲಿಲ್ಲ. ಅವರು ಈಗ ಪಾಪ, ಹೊಸ ತಾಯಿಯ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಆರಾಮಾಗಿದ್ದಾರೆ.

ನನ್ನ ಹೆಂಡತಿಯ ಹಳೆಯ ಹೆಸರು ದಾಕ್ಷಾಯಿಣಿ. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ನಾವಿಬ್ಬರೇ. ಎದೆಯಲ್ಲಿ ಗಂಟು ಅಂತ ಶುರುವಾಗಿ, ಆಪರೇಶನ್ನು, ಕೀಮೋ, ಕರೆಂಟು ಕೊಡುವುದು ಎಲ್ಲ ಮುಗಿಯುವ ಹೊತ್ತಿಗೆ ನಾನು ದೊಡ್ಡ ಊರಿನ ಆಸ್ಪತ್ರೆಯ ಬೆಂಚಿಗೆ ಎಷ್ಟು ಹೊಂದಿಕೊಂಡಿದ್ದೆ ಅಂದರೆ, ಅದರ ಅಲುಗಾಡುವ ಕಾಲಿಗೆ ಕಾಗದ ಮಡಿಸಿ ಕೊಟ್ಟವನು ನಾನೇ. ಕೊನೆಗೊಂದು ದಿನ ಡಾಕ್ಟರಮ್ಮ ಕನ್ನಡಕ ತೆಗೆದು, "ಸದ್ಯಕ್ಕೆ ಎಲ್ಲೂ ಕಾಣ್ತಿಲ್ಲ. ಮೂರು ತಿಂಗಳಿಗೊಂದು ಸಲ ಬಂದು ತೋರಿಸಿ" ಅಂದರು. ದಾಕ್ಷಾಯಿಣಿಗೆ 'ಎಲ್ಲೂ ಕಾಣ್ತಿಲ್ಲ' ಅನ್ನುವುದು ಕೇಳಿಸಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಂಡಕ್ಕಿ ತಿಂದಳು, ಕಿಟಕಿಯಿಂದ ಕಂಡ ಎಮ್ಮೆಗಳಿಗೆಲ್ಲ ಟಾಟಾ ಮಾಡಿದಳು. ನನಗೆ ಕೇಳಿಸಿದ್ದು 'ಸದ್ಯಕ್ಕೆ' ಒಂದೇ. ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತುಬಿಟ್ಟಿತು.

ತೊಟ್ಟಿಲ ದಿನ ಅವಳು ಹಳದಿ ಸೀರೆ ಉಟ್ಟು, ಹೊಸದಾಗಿ ಬಂದ ಗುಂಗುರು ಕೂದಲನ್ನು ಬಾಚದೆ, ಒಳಗೆ ಮಲಗಿ ಕಿಸಿಕಿಸಿ ನಗುತ್ತಿದ್ದಳು. "ಕೂಸು ನಗಬಾರದೇ, ಅಳಬೇಕು" ಅಂತ ಹೆಂಗಸರು ಗದರಿದರೆ ಇನ್ನೂ ಜಾಸ್ತಿ. ಬೀದಿಗೆ ಹಿರಿಯಳಾದ ಹಾಲಮ್ಮಜ್ಜಿ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. "ಮಂದಾಕಿನಿ." ಈ ಮುದುಕಿ ಎಲ್ಲಿ ಹುಡುಕಿದಳೋ ಆ ಹೆಸರನ್ನ! ಇನ್ನು ಕೂಸನ್ನು ಮೊದಲು ಯಾರು ಕೈಹಿಡಿದು ಎಬ್ಬಿಸುತ್ತಾರೋ ಅವರೇ ತಾಯಿ. ನಾನು ಕಂಬ ಹಿಡಿದುಕೊಂಡು, ಶಿವನೇ, ಯಾರಾದರೂ ಆಗಲಿ, ಪಕ್ಕದ ಮನೆ ಕೊಟ್ರಮ್ಮ ಒಬ್ಬಳು ಬೇಡ ಅಂತ ಬೇಡಿಕೊಳ್ಳುತ್ತಿದ್ದೆ. ನೋಡುತ್ತೇನೆ, ಕೊಟ್ರಮ್ಮ ಸೆರಗು ಸಿಕ್ಕಿಸಿಕೊಂಡು, ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದು, "ಏಳೇ ನನ್ನ ಬಂಗಾರ" ಅಂದೇಬಿಟ್ಟಳು.

ಕೊಟ್ರಮ್ಮನಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಬೆಳಗ್ಗೆ ಎದ್ದು ಮೈಕ್ ಟೆಸ್ಟ್ ಮಾಡುವವನು, ಅವಳು ಬೆಳಗಿನ ನಿದ್ದೆಗೆ ಪ್ರಾಣ ಕೊಡುವವಳು. ನನ್ನ ವೈರನ್ನು ಅವಳು ಕತ್ತರಿಸಿದ್ದಾಳೆ, ಅವಳ ಕಿಟಕಿಗೆ ನಾನು ಹಾರ್ನ್ ತಿರುಗಿಸಿಟ್ಟಿದ್ದೇನೆ. ಈಗ ಅವಳೇ ನನಗೆ ಅತ್ತೆಯಾಗುವವಳು! ಶಾಮಿಯಾನ ಬಿಚ್ಚುವಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ ಹುಡುಗ, ಏನು ಕೆಲಸ ಮಾಡ್ಕೊಂಡಿದೀಯ?" ಅಂದಳು. ಐವತ್ತೆರಡು ವರ್ಷದ ನನಗೆ.

ಮಂದಾಕಿನಿ ಗೋಡೆಯಾಚೆ ಹೋದಳು. ನನ್ನ ಮನೆಯಲ್ಲಿ ನಾನು, ಗೋಡೆಯಾಚೆ ಅವಳು, ಕೆಮ್ಮಿದರೆ ಕೇಳಿಸುತ್ತದೆ. ಕೇಳಿಸುವುದೇ ನನ್ನ ಗ್ರಹಚಾರ. ಅವಳು ಕೆಮ್ಮಿದರೆ ನಾನು ಗೋಡೆಗೆ ಕಿವಿ, ಸೀನಿದರೆ ಕಾಂಪೌಂಡಿಗೆ ಕಾಲು. ಒಂದು ಬೆಳಗ್ಗೆ ಬಟ್ಟೆ ಹರವುತ್ತಿದ್ದವಳು ನನ್ನನ್ನು ಕಂಡು, "ಏನು ಪಾಲಾಕ್ಷ, ಚೆನ್ನಾಗಿದೀಯಾ?" ಅಂದಳು. ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಬಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದವಳಲ್ಲ, 'ರೀ' ಬಿಟ್ಟರೆ 'ಕೇಳಿಸ್ತಾ'. ನಾನೋ, ಗೊತ್ತಿಲ್ಲದ ಮನೆಯ ಹೆಣ್ಣುಮಗಳು ನೋಡಿ, ಬಹುವಚನವೇ ಕೊಡಬೇಕು. "ಚೆನ್ನಾಗಿದೀನಿ, ನೀವು?" ಅಂದೆ. ಅವಳು ಒದ್ದೆ ಲಂಗದ ಹಿಂದೆ ಮುಖ ಮುಚ್ಚಿಕೊಂಡು ನಕ್ಕದ್ದು ನೋಡಬೇಕಿತ್ತು. ಸತ್ಯವಾಗಿ ಹೇಳುತ್ತೇನೆ, ನನಗೆ ಕಿವಿ ಬಿಸಿಯಾಯಿತು.

ಸರಿ, ಹೆಣ್ಣು ನೋಡಲು ಹೋದೆ. ತಲೆಗೆ ಬಣ್ಣ ಹಾಕಿಕೊಂಡೆ. ಅದು ಕಿವಿಗೂ ಹತ್ತಿತು. ಗಂಡಿನ ಕಡೆ ಹಿರಿಯರು ಅಂತ ಹಾಲಮ್ಮಜ್ಜಿಯನ್ನೇ ಕರೆದುಕೊಂಡು ಹೋದೆ, ಉಪ್ಪಿಟ್ಟು ಕೇಸರಿಬಾತ್ ಅಂದರೆ ಅವಳು ಯಾವ ಕಡೆಗಾದರೂ ಹಿರಿಯಳಾಗುತ್ತಾಳೆ. ಕೊಟ್ರಮ್ಮನ ಪಡಸಾಲೆಯಲ್ಲಿ ಕೂತಿದ್ದು ನನ್ನ ಅಂಗಡಿಯ ಚೇರುಗಳ ಮೇಲೇ. ಮಂದಾಕಿನಿ ಕಾಫಿ ತಟ್ಟೆ ಹಿಡಿದು, ತಲೆ ತಗ್ಗಿಸಿ, ಗುಂಗುರು ಕೂದಲಿಗೆ ಹೇಗೆ ಸಿಕ್ಕಿಸಿದ್ದಳೋ ಒಂದು ಕನಕಾಂಬರದ ಎಸಳು ಇಟ್ಟುಕೊಂಡು ಬಂದಳು. ಬೀದಿಯ ಹೆಂಗಸರೆಲ್ಲ ಕಿಟಕಿಯಲ್ಲಿ. "ಹುಡುಗ ಏನಾದ್ರೂ ಕೇಳೋದಿದ್ರೆ ಕೇಳಲಿ" ಅಂದಳು ಕೊಟ್ರಮ್ಮ. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ. "ಊಟ ಸೇರುತ್ತಾ?" ಹೂಂ ಅಂದಳು. "ನಿದ್ದೆ ಬರುತ್ತಾ?" ಹೂಂ. "ತೂಕ ಇಳಿದಿಲ್ಲ ತಾನೆ? ಬೆನ್ನು ನೋವು ಗಿನ್ನು ಏನಾದ್ರೂ?"

ಹಾಲಮ್ಮಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಮಂದಾಕಿನಿ ತಲೆ ಎತ್ತಿ ನನ್ನನ್ನು ನೋಡಿದಳು, ತಟ್ಟೆ ಕೆಳಗಿಟ್ಟಳು. "ಅವ್ವಾ, ಇವರು ಹೆಣ್ಣು ನೋಡೋಕೆ ಬಂದಿಲ್ಲ. ಪೇಶೆಂಟ್ ನೋಡೋಕೆ ಬಂದಿದಾರೆ. ನಾನು ಒಲ್ಲೆ" ಅಂತ ಒಳಗೆ ಹೋದಳು. ಕಿಟಕಿ ಕಿಟಕಿಯೇ ಗೊಳ್ಳೆಂದು ನಕ್ಕಿತು. ಕೊಟ್ರಮ್ಮ ನನ್ನ ಮುಂದಿದ್ದ ಕೇಸರಿಬಾತಿನ ತಟ್ಟೆ ಎತ್ತಿಕೊಂಡಳು. ಅರ್ಧ ಹಾಗೇ ಇತ್ತು.

ನನ್ನ ಸಂಕಟ ಹೋಗಲಿ, ಊರಿಗೆ ಹಬ್ಬ. ಮಾರನೆಯ ವಾರವೇ ಬೇಕರಿ ಮರುಳಪ್ಪ, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು, ಚೆರ್ರಿ ಹಣ್ಣು ಸುತ್ತ ಜೋಡಿಸಿದ ಕೇಕು ಹಿಡಿದು ಅದೇ ಪಡಸಾಲೆಗೆ ಹೆಣ್ಣು ನೋಡಲು ಹೋದ! ಚೇರು ಬಾಡಿಗೆಗೆ ನನ್ನಲ್ಲಿಗೇ ಹೇಳಿಕಳಿಸಿದ್ದ, ಕಂತ್ರಿ. ಕುಂಟುವ ಚೇರು ಆರಿಸಿ ಕೊಟ್ಟೆ. ಸಂಜೆ ಹಾಲಮ್ಮಜ್ಜಿ ತುಟಿಯ ಮೇಲಿನ ಕ್ರೀಮು ಒರೆಸಿಕೊಳ್ಳುತ್ತ ಬಂದು ವರದಿ ಕೊಟ್ಟಳು. ಮರುಳಪ್ಪ ಕೇಳಿದ್ದು ಒಂದೇ ಮಾತಂತೆ, 'ನಿಮಗೆ ಜಾತ್ರೇಲಿ ತಿರುಗೋ ಜಾಯಿಂಟ್ ವೀಲ್ ಅಂದ್ರೆ ಭಯಾನಾ?' ಅದಕ್ಕೆ ಮಂದಾಕಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. "ಒಪ್ಪಿದಳಾ?" ಅಂದೆ. "ಯೋಚನೆ ಮಾಡ್ತೀನಿ ಅಂದ್ಳಪ್ಪ. ನಿಂಗಾದ್ರೆ ಯೋಚನೇನೂ ಮಾಡ್ಲಿಲ್ಲ" ಅಂತ ಮುದುಕಿ ನನ್ನ ಹೊಟ್ಟೆಗೆ ಬೆಂಕಿ ಇಟ್ಟು ಹೋದಳು.

ಅಷ್ಟರಲ್ಲಿ ಮೂರು ತಿಂಗಳಾಯಿತು. ಟೆಸ್ಟಿಗೆ ಹೊರಡುವ ಹಿಂದಿನ ಸಂಜೆ ನನ್ನ ಮನೆಯ ತಗಡಿನ ಮೇಲೆ ಟಣ್ ಅಂತ ಒಂದು ಕಲ್ಲು ಬಿತ್ತು. ಹೊರಗೆ ಬಂದರೆ ಗೋಡೆಯಾಚೆ ಅವಳು, ಗಲ್ಲವನ್ನು ಗೋಡೆ ಮೇಲಿಟ್ಟುಕೊಂಡು ನಿಂತಿದ್ದಾಳೆ. ನಗು ಇಲ್ಲ. "ನಾಳೆ ಟೆಸ್ಟು, ಪಾಲಾಕ್ಷ. ನಂಗೆ ಭಯ ಆಗ್ತಿದೆ" ಅಂದಳು. ನನ್ನ ಬಾಯಿಗೆ ಹಳೆಯ ಅಭ್ಯಾಸ. "ಏನೂ ಆಗಲ್ಲ ಬಿಡಿ. ಧೈರ್ಯವಾಗಿರಿ." ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನೇ ಸಾವಿರ ಸಲ ಹೇಳಿದ್ದೆ. ಅವಳು ನಿಟ್ಟುಸಿರುಬಿಟ್ಟಳು. "ನೋಡು, ನೀನು ಒಳ್ಳೆಯವನೇ. ಅದಕ್ಕೇ ಒಲ್ಲೆ ಅಂದೆ. ನಾನು ಎದ್ದು ಓಡಾಡ್ತಿದ್ರೂ ನಿನ್ನ ಕಣ್ಣಲ್ಲಿ ಇನ್ನೂ ಬೆಡ್ ಮೇಲೇ ಇದೀನಿ. ಮತ್ತೆ ಬಂದ್ರೆ ನಿನ್ನನ್ನ ಆ ಬೆಂಚಿನ ಮೇಲೆ ಕೂರಿಸೋಕೆ ನಂಗೆ ಮನಸ್ಸೂ ಇಲ್ಲ. ನಿಂಗೆ ಬಿಡುಗಡೆ ಸಿಕ್ಕಿದೆ, ಸುಮ್ನೆ ತಗೋ." ಇಷ್ಟು ಹೇಳಿ ಒಳಗೆ ಹೋದಳು. ನಾನು ಆ ಕಲ್ಲನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡೆ. ಅಲ್ಲೇ ಅತ್ತುಬಿಟ್ಟೆ ಅನ್ನುವುದಕ್ಕೆ ನಾಚಿಕೆ ಇಲ್ಲ.

ಟೆಸ್ಟಿಗೆ ತಾಯಿಯೇ ಜೊತೆಗೆ ಹೋಗಬೇಕು, ಕೊಟ್ರಮ್ಮ ಹೋಗಿ ಬಂದಳು. ಅದರ ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಡಾಕ್ಟರಮ್ಮ ಫೋನಿನಲ್ಲಿ ಫಲಿತಾಂಶ ಹೇಳುತ್ತಾರೆ ಅಂತಾಗಿತ್ತು. ಆ ದಿನ ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಕಬಡ್ಡಿ ಪಂದ್ಯ. ನಾನು ಬೆಳಗಿನಿಂದ ನಾಲ್ಕು ದಿಕ್ಕಿಗೂ ಹಾರ್ನ್ ಕಟ್ಟಿ, ವೈರ್ ಇಲ್ಲದ ಮೈಕನ್ನು ಕೈಯಲ್ಲಿ ಹಿಡಿದು "ಹಲೋ, ಹಲೋ" ಅನ್ನುತ್ತಿದ್ದೆ. ಊರು ಪುಟ್ಟದು, ನಾಲ್ಕು ಹಾರ್ನ್ ಸಾಕು, ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುವವನಿಗೂ ಕೇಳಿಸುತ್ತದೆ. ಹಾಗೆ ಹಲೋ ಅನ್ನುತ್ತಿರುವಾಗಲೇ ನನಗೊಂದು ವಿಷಯ ಹೊಳೆದು ಮೈ ಜುಂ ಅಂದಿತು. ಹನ್ನೊಂದು ಗಂಟೆಗೆ ಸುದ್ದಿ ಕೆಟ್ಟದಾದರೆ ತೊಟ್ಟಿಲು ರದ್ದು. ಅವಳು ಮತ್ತೆ ದಾಕ್ಷಾಯಿಣಿ, ನಾನು ಕೈಕಟ್ಟಿ ಕೂತರೂ ಪದ್ಧತಿಯ ಪ್ರಕಾರ ಅವಳ ಗಂಡ. ಸುದ್ದಿ ಒಳ್ಳೆಯದಾದರೆ ಅವಳು ಮಂದಾಕಿನಿ, ನನಗೂ ಅವಳಿಗೂ ಏನೂ ಇಲ್ಲ, ಜಾಯಿಂಟ್ ವೀಲ್ ತಿರುಗುತ್ತದೆ. ಅಂದರೆ ಕೆಟ್ಟ ಸುದ್ದಿ ಬಂದರೆ ಹೆಂಡತಿ ಸಿಗುತ್ತಾಳೆ. ಥೂ! ಅಂಥ ಹೆಂಡತಿ ಯಾವನಿಗೆ ಬೇಕು? ಏನು ಕೇಳುವುದಿದ್ದರೂ ಹನ್ನೊಂದಕ್ಕೆ ಮುಂಚೆಯೇ ಕೇಳಬೇಕು. ಏಣಿಯಿಂದ ಇಳಿದವನೇ ಮೈಕನ್ನು ಅಂಗಿ ಜೇಬಿಗೆ ತುರುಕಿಕೊಂಡು ಓಡಿದೆ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಕೊಟ್ರಮ್ಮ ಬಾಗಿಲಲ್ಲೇ ಅಡ್ಡ ನಿಂತಳು. "ಫೋನ್ ಬರೋ ಹೊತ್ತಲ್ಲಿ ಯಾವನೂ ಹೆಣ್ಣು ನೋಡೋಕೆ ಬರಲ್ಲ, ಹೋಗಯ್ಯ. ಉಪ್ಪಿಟ್ಟೂ ಇಲ್ಲ." "ಉಪ್ಪಿಟ್ಟು ಬೇಡ ಕೊಟ್ರಮ್ಮನೋರೆ, ಹುಡುಗಿ ಜೊತೆ ಎರಡು ಮಾತು" ಅಂದೆ. ನನ್ನ ಬರಿಗಾಲು ನೋಡಿದಳೋ, ಬೆವರು ನೋಡಿದಳೋ, ಸರಿದು ನಿಂತಳು. ಮಂದಾಕಿನಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದ ಕಡೆ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ನಾನು ಎದುರು ಕೂತೆ. ಕೂತದ್ದು ಹಪ್ಪಳದ ಮೇಲೆ. ಏಳುವಷ್ಟು ಪುರುಸೊತ್ತಿರಲಿಲ್ಲ.

"ಇವತ್ತು ಯಾಕೆ ಬಂದೆ?" ಅಂದಳು. "ಇನ್ನೊಂದು ಅರ್ಧ ಗಂಟೆ ತಡಕೊಂಡಿದ್ರೆ ನಾನು ಯಾರು ಅಂತ ಗೊತ್ತಾಗ್ತಿತ್ತಲ್ಲ."

"ಅದಕ್ಕೇ ಮುಂಚೆ ಬಂದೆ. ಫೋನಿನಿಂದ ಸಿಗೋ ಹೆಂಡ್ತಿ ನಂಗೆ ಬೇಡ. ನೀವಾಗೇ ಹೂಂ ಅನ್ಬೇಕು, ಇಲ್ಲಾ ನೀವಾಗೇ ಒಲ್ಲೆ ಅನ್ಬೇಕು."

"ಭಯ ಆಗ್ತಿಲ್ವಾ ನಿಂಗೆ?"

ನಾನು ಬಾಯಿ ತೆರೆದೆ. 'ಏನೂ ಆಗಲ್ಲ' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಜೇಬಿನಲ್ಲಿ ಕಲ್ಲು ಚುಚ್ಚಿತು. "ಭಯಾನಾ? ಸಾಯೋಷ್ಟು ಭಯ" ಅಂದೆ. "ಆಸ್ಪತ್ರೆ ಬೆಂಚಲ್ಲಿ ಧೈರ್ಯ ಹೇಳ್ತಿದ್ನಲ್ಲ, ಆಮೇಲೆ ಹೋಗಿ ಪಾಯಖಾನೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನೀವು ಸೀನಿದ್ರೆ ನನ್ನ ಎದೆ ನಿಂತುಹೋಗುತ್ತೆ. ಆ ಡಾಕ್ಟರಮ್ಮ 'ಸದ್ಯಕ್ಕೆ' ಅಂದ್ರಲ್ಲ, ಅವತ್ತಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ಮತ್ತೆ ಬಂದ್ರೆ ಬರಲಿ, ಆ ಬೆಂಚು ನಂದೇ, ಅದರ ಕಾಲು ಸರಿ ಮಾಡಿದ್ದು ನಾನೇ. ಬೇರೆಯವನು ಬಂದು ಕೂತ್ರೆ ನಾನು ಸುಮ್ನಿರಲ್ಲ. ಆ ಬೇಕರಿಯವನಂತೂ ಕೂಡದು!"

ಅವಳ ತುಟಿ ಅಲುಗಿತು. ಅಳುವೋ ನಗುವೋ ಗೊತ್ತಾಗಲಿಲ್ಲ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಗಂಡ ಆಗಿದ್ನಲ್ಲ, ಹೇಳೋಕಾಗುತ್ತಾ? ಈಗ ಬರೀ ಹುಡುಗ."

"ಸರಿ ಹುಡುಗ, ಏನಾದ್ರೂ ಕೇಳೋದಿದ್ರೆ ಕೇಳು" ಅಂದಳು. ಕಣ್ಣಿನಲ್ಲಿ ನೀರು ತುಂಬಿತ್ತು, ಆದರೂ ಆ ಹುಬ್ಬು ಕುಣಿಸುವುದು ಬಿಡಲಿಲ್ಲ.

ನಾನು ಅವಳ ಗುಂಗುರು ಕೂದಲು ನೋಡಿದೆ. ಮೂರು ತಿಂಗಳಿಂದ ಅವಳ ಕತ್ತು ನೋಡಿದ್ದೆ, ಕಣ್ಣಿನ ಕೆಳಗಿನ ಕಪ್ಪು ನೋಡಿದ್ದೆ, ಕೈಯ ಊತ ನೋಡಿದ್ದೆ. ಅವಳನ್ನೇ ನೋಡಿರಲಿಲ್ಲ. ಅಯ್ಯೋ, ಎಷ್ಟು ಚೆಂದ ಇದ್ದಳು! "ಈ ಕೂದಲಿಗೆ ಹೂವು ಹೇಗೆ ನಿಲ್ಲಿಸ್ತೀರಾ?" ಅಂತ ಕೇಳಿಬಿಟ್ಟೆ. "ಅವತ್ತಿಂದ ಅದೇ ಯೋಚನೆ."

ಅವಳು ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ತಲೆ ಹಿಂದಕ್ಕೆ ಎಸೆದು ನಕ್ಕಳು. ಆ ನಗು ಮೈದಾನದ ಕಡೆಯಿಂದಲೂ ಬಂತು, ಕೆರೆಯ ಕಡೆಯಿಂದಲೂ ಬಂತು, ಬಸ್‌ಸ್ಟ್ಯಾಂಡಿನ ಕಡೆಯಿಂದಲೂ ಬಂತು. ಅಷ್ಟು ಹೊತ್ತು ಗಾಬರಿಯಲ್ಲಿ ನಮಗೇ ಅದು ಕಿವಿಗೆ ಬಿದ್ದಿರಲಿಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಮೆಲ್ಲಗೆ ಜೇಬು ಮುಟ್ಟಿ ನೋಡಿದೆ. ಮೈಕಿನ ಕೆಂಪು ಲೈಟು ಉರಿಯುತ್ತಿತ್ತು.

ಮಾಳಿಗೆಯಿಂದ ಬಗ್ಗಿ ನೋಡಿದರೆ ಬೀದಿ ತುಂಬ ಜನ. ಕಬಡ್ಡಿಯ ಎರಡೂ ತಂಡ ಚಡ್ಡಿಯಲ್ಲೇ ಬಂದು ನಿಂತಿವೆ. ಮರುಳಪ್ಪ ಬೇಕರಿಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದಾನೆ. ಚನ್ನವೀರಪ್ಪನವರು ಅವರೆಕಾಯಿ ಮೊರದ ಸಮೇತ ಬಂದು ಮೂಗು ಒರೆಸಿಕೊಳ್ಳುತ್ತಿದ್ದಾರೆ. ಪಾಯಖಾನೆಯ ವಿಷಯ ಊರಿಗೆಲ್ಲ ಗೊತ್ತಾಯಿತಲ್ಲಪ್ಪ ಅಂತ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಾಲಮ್ಮಜ್ಜಿ ಕೆಳಗಿನಿಂದ ಕೋಲು ಎತ್ತಿ, "ಬೇಗ ಹೇಳೇ ಹುಡುಗಿ, ಬಿಸಿಲು" ಅಂದಳು. ಮಂದಾಕಿನಿ ನನ್ನ ಜೇಬಿಗೆ ಕೈ ಹಾಕಿ ಮೈಕು ತೆಗೆದಳು. ಬಾಯಿಯ ಹತ್ತಿರ ಹಿಡಿದು, ನನ್ನನ್ನೇ ನೋಡುತ್ತ, "ಹೂಂ" ಅಂದಳು. ನಾಲ್ಕೂ ದಿಕ್ಕಿನಿಂದ ಹೂಂ, ಹೂಂ ಅಂತ ಬಂತು. ಅದಾದ ಮೇಲೆ ಫೋನ್ ರಿಂಗಾಯಿತು.

ಕೊಟ್ರಮ್ಮ ಓಡಿಬಂದು ಅದನ್ನು ಎತ್ತಿಕೊಂಡಳು. ನಾವಿಬ್ಬರೂ ಕೈ ಹಿಡಿದುಕೊಂಡು ಕೂತಿದ್ದೆವು. "ಸದ್ಯಕ್ಕೆ ಏನೂ ಇಲ್ವಂತೆ!" ಅಂತ ಕೊಟ್ರಮ್ಮ ಕಿರುಚಿದಳು. ಆ ಕಿರುಚಾಟಕ್ಕೆ ಹಾರ್ನುಗಳು ಕುಯ್ಯೋ ಅಂದವು. ಇಪ್ಪತ್ತು ವರ್ಷ ನನ್ನ ಮೈಕಿಗೆ ಶಾಪ ಹಾಕಿದವಳು ಅವತ್ತು ಅದನ್ನು ಸಂಜೆಯವರೆಗೆ ಕೈಯಿಂದ ಬಿಡಲಿಲ್ಲ. ಕಬಡ್ಡಿಗೆ ಅವಳೇ ಕಾಮೆಂಟರಿ ಕೊಟ್ಟಳು.

ಮದುವೆ ಅದೇ ವಾರ ಆಯಿತು. ಕೇಕು ಮರುಳಪ್ಪನದು, ಚೆರ್ರಿ ಕಡಿಮೆ ಇತ್ತು. ಮಂದಾಕಿನಿ ಈಗ ಮನೆಯಲ್ಲಿದ್ದಾಳೆ. ಜನರ ಮುಂದೆ 'ರೀ' ಅನ್ನುತ್ತಾಳೆ, ಒಳಗೆ 'ಪಾಲಾಕ್ಷ'. ಭಯ ಹೋಯಿತು ಅಂದರೆ ಸುಳ್ಳು. ಅವಳು ಸೀನಿದರೆ ಈಗಲೂ ನನ್ನ ಕೈಯಿಂದ ಲೋಟ ಬೀಳುತ್ತದೆ, ಸ್ಟೀಲ್ ಲೋಟ, ಪರವಾಗಿಲ್ಲ. ಬಿದ್ದಾಗ ಅವಳು, "ನಂಗೂ ಹಾಗೇ ಆಯ್ತು ಕಣೋ" ಅನ್ನುತ್ತಾಳೆ, ಇಬ್ಬರೂ ಸ್ವಲ್ಪ ಹೊತ್ತು ಕೂತು ಹೆದರಿಕೊಳ್ಳುತ್ತೇವೆ, ಆಮೇಲೆ ಎದ್ದು ಕೆಲಸಕ್ಕೆ ಹೋಗುತ್ತೇವೆ. ಆದರೆ ಅವಳು ಒಂದು ಷರತ್ತು ಹಾಕಿದ್ದಾಳೆ. ಪ್ರತಿ ಸಲ ಟೆಸ್ಟಿನ ಫೋನ್ ಬರುವ ಬೆಳಗ್ಗೆ ಅವಳು ತಾಯಿಯ ಮನೆಗೆ ಹೋಗಿ ಕೂರಬೇಕು, ನಾನು ಹೊಸದಾಗಿ ಹೆಣ್ಣು ನೋಡಲು ಹೋಗಬೇಕು. ಹೂಂ ಅನ್ನುವುದೂ ಒಲ್ಲೆ ಅನ್ನುವುದೂ ಅವಳ ಇಷ್ಟ. ಕಳೆದ ಸಲ ಉತ್ತರ ಕೊಡುವ ಮೊದಲು ನನ್ನ ಕೈಯಲ್ಲಿ ಹಾಡು ಹೇಳಿಸಿದಳು, ಕೊಟ್ರಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಕೇಳಿದಳು.

ಇವತ್ತು ಹನ್ನೊಂದಕ್ಕೆ ಮತ್ತೆ ಫೋನ್ ಬರುತ್ತದೆ. ಗೋಡೆಯಾಚೆ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿದೆ, ಹಾಲಮ್ಮಜ್ಜಿ ಆಗಲೇ ಹೋಗಿ ಕೂತಾಗಿದೆ. ನಾನು ಅಂಗಿಗೆ ಇಸ್ತ್ರಿ ಹಾಕಿ, ಕಲ್ಲನ್ನು ಜೇಬಿಗೆ ಹಾಕಿಕೊಂಡು, ಕನ್ನಡಿ ಮುಂದೆ ನಿಂತಿದ್ದೇನೆ. ಕಿವಿಗೆ ಮತ್ತೆ ಬಣ್ಣ ಹತ್ತಿದೆ. ಡಾಕ್ಟರಮ್ಮ ಏನು ಹೇಳುತ್ತಾರೋ, ಅದು ಆಮೇಲಿನ ಮಾತು. ಈ ಹುಡುಗಿ ಈ ಸಲ ಒಲ್ಲೆ ಅಂದುಬಿಟ್ಟರೆ ಏನಪ್ಪಾ ಮಾಡಲಿ?